ಬಸುರಿಗೆ ಮೂಳೆ ಮುರಿದು ಉಸಿರು ಕಟ್ಟಿದಾಗ: ಫ್ಯಾಟ್ ಎಂಬಾಲಿಸಂ ಮತ್ತು ಹಾಸಿಗೆ ಪಕ್ಕದ ಸೋನೋಗ್ರಫಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವಾದ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡಿಗ ನರ್ಸ್‌ಗಳು ಮತ್ತು ರೆಸಿಡೆಂಟ್ ಡಾಕ್ಟರುಗಳು, ವಾರ್ಡಿನ ಹೊರಗೆ ಕಾಯುವ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಲ ಭಾಗವನ್ನು ಯಾರು ಬೇಕಾದರೂ ಓದಬಹುದು. ಉಳಿದದ್ದು ಹೆಚ್ಚಾಗಿ ಪ್ರೋಬ್ (ಸೋನೋಗ್ರಫಿ ಮಾಡಲು ಮೈಮೇಲೆ ಇಡುವ ಹಿಡಿಕೆ) ಹಿಡಿಯುವವರಿಗೆ.

## ಮನೆಯವರು ಕೇಳುವುದು

ಮುರಿದದ್ದು ತೊಡೆ ಮೂಳೆ, ತೊಂದರೆ ಬಂದದ್ದು ಉಸಿರಿಗೆ. ಇದು ಹೇಗೆ?

ತೊಡೆ, ಮೊಣಕಾಲ ಕೆಳಗಿನ ಮೂಳೆ, ಸೊಂಟದ ಮೂಳೆ, ಇವುಗಳ ಒಳಗಿನ ಮಜ್ಜೆಯಲ್ಲಿ ಕೊಬ್ಬು ತುಂಬಿರುತ್ತದೆ. ಮೂಳೆ ಮುರಿದಾಗ ಒಳಗಿನ ಒತ್ತಡ ಏರಿ, ಹರಿದ ಅಭಿಧಮನಿಗಳ ಬಾಯಿಂದ ಆ ಕೊಬ್ಬಿನ ಹನಿಗಳು ರಕ್ತಕ್ಕೆ ಸೇರುತ್ತವೆ. ರಕ್ತ ಮೊದಲು ಬಲ ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವುದರಿಂದ ಹನಿಗಳು ಅಲ್ಲಿನ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಇದೇ ಫ್ಯಾಟ್ ಎಂಬಾಲಿಸಂ. ಕತೆ ಅಲ್ಲಿಗೇ ಮುಗಿಯುವುದಿಲ್ಲ. ಸಿಕ್ಕಿಕೊಂಡ ಕೊಬ್ಬು ಒಡೆದು ಕೊಬ್ಬಿನಾಮ್ಲಗಳಾಗುತ್ತದೆ, ಅವು ರಕ್ತನಾಳದ ಗೋಡೆಯನ್ನು ಕೆರಳಿಸುತ್ತವೆ, ಗಾಳಿಚೀಲಗಳಿಗೆ ನೀರು ಸೋರುತ್ತದೆ. ಇದಕ್ಕೆ ಸಮಯ ಹಿಡಿಯುವುದರಿಂದಲೇ ಅಪಘಾತದ ದಿನ ಚೆನ್ನಾಗಿ ಮಾತಾಡುತ್ತಿದ್ದವರು ಎರಡನೇ ದಿನ ಏದುಸಿರು ಬಿಡತೊಡಗುತ್ತಾರೆ. ಸಾಮಾನ್ಯವಾಗಿ ಇದು 24 ರಿಂದ 72 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಸತ್ತವರ ಶ್ವಾಸಕೋಶದಲ್ಲಿ ಕೊಬ್ಬನ್ನು ಮೊದಲು ಗುರುತಿಸಿದ್ದು 1862ರಲ್ಲಿ ಝೆಂಕರ್. ಬದುಕಿದ್ದ ರೋಗಿಯಲ್ಲಿ ಮೊದಲು ಪತ್ತೆಹಚ್ಚಿದ್ದು 1873ರಲ್ಲಿ ಫಾನ್ ಬರ್ಗ್‌ಮನ್.

ಇದು ಗರ್ಭಿಣಿಯರಿಗೇ ಬರುವ ಕಾಯಿಲೆಯೇ?

ಅಲ್ಲ. ಉದ್ದ ಮೂಳೆ ಮುರಿದ ಯಾರಿಗೂ ಬರಬಹುದು, ಅದೂ ಕೆಲವರಿಗೆ ಮಾತ್ರ. ಗರ್ಭಿಣಿಯರಲ್ಲಿ ಅಪರೂಪ. ಆದರೆ ಬಂದಾಗ ಹಿಡಿಯುವುದು ಕಷ್ಟ, ಏಕೆಂದರೆ ಬಸುರಿನಲ್ಲಿ ಸಹಜವಾಗಿ ಆಗುವ ಬದಲಾವಣೆಗಳೇ ಅರ್ಧ ಲಕ್ಷಣಗಳನ್ನು ಮರೆಮಾಡುತ್ತವೆ. ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕುಳಿತು ಬಿದ್ದವರು, ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದವರು, ಹೆದ್ದಾರಿ ಅಪಘಾತಕ್ಕೆ ಸಿಕ್ಕವರು, ಹೀಗೆ ಬರುವವರಲ್ಲಿ ಇದನ್ನು ನೆನಪಿಟ್ಟುಕೊಳ್ಳಬೇಕು. ಮೂಳೆ ಮುರಿಯದೆಯೂ ಬರುವ ಒಂದು ದಾರಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದ ಬರುವ) ಕಾಯಿಲೆ. ಅದರ ಬಗ್ಗೆ ಮುಂದೆ ಬೇರೆಯೇ ಪ್ರಶ್ನೆ ಇದೆ.

ನಾವು ಏನನ್ನು ಗಮನಿಸಬೇಕು? ಯಾವಾಗ ನರ್ಸನ್ನು ಕರೆಯಬೇಕು?

ಉಸಿರು, ಬುದ್ಧಿ, ಚರ್ಮ. ಉಸಿರು ಜೋರಾಗುವುದು, ಒಂದು ಪೂರ್ತಿ ವಾಕ್ಯ ಆಡುವಷ್ಟರಲ್ಲಿ ದಣಿಯುವುದು, ಬೆರಳಿನ ಕ್ಲಿಪ್ ಶೇ. 95ಕ್ಕಿಂತ ಕೆಳಗೆ ತೋರಿಸುವುದು, ಇವುಗಳಲ್ಲಿ ಯಾವುದು ಕಂಡರೂ ಕರೆಯಿರಿ. ಕುತ್ತಿಗೆ, ಎದೆಯ ಮೇಲ್ಭಾಗ, ಕಂಕುಳು, ಕೆಳರೆಪ್ಪೆಯ ಒಳಬದಿಯಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ ಕಂಡರೂ ಅಷ್ಟೇ. ಚುಕ್ಕೆ ಎಲ್ಲರಿಗೂ ಬರುವುದಿಲ್ಲ, ಬಂದರೂ ಬಹಳ ಹೊತ್ತು ನಿಲ್ಲುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಎದೆಯ ಮೇಲೆ ಕಾಣದೆ ಹೋಗಬಹುದು, ಹಾಗಾಗಿ ರೆಪ್ಪೆ ಕೆಳಗೆಳೆದು ಟಾರ್ಚ್ ಬಿಟ್ಟು ನೋಡಬೇಕು.

ಬುದ್ಧಿಯ ವಿಷಯದಲ್ಲಿ ಮನೆಯವರ ಕೆಲಸ ಯಾರೂ ಮಾಡಲಾರದಂಥದ್ದು. ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ಗೋವಾಕ್ಕೋ ಪುಣೆಗೋ ದುಡಿಯಲು ಬಂದ ಅನೇಕ ಹೆಣ್ಣುಮಕ್ಕಳಿಗೆ ಮರಾಠಿ, ಕೊಂಕಣಿ ಬರುವುದಿಲ್ಲ. ನರ್ಸ್ ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ ಭಾಷೆ ತಿಳಿಯಲಿಲ್ಲ ಎಂದುಕೊಂಡು ಮುಂದೆ ಹೋಗುತ್ತಾರೆ. ಮಿದುಳಿಗೆ ಆಗುತ್ತಿರುವ ಮೊದಲ ಪೆಟ್ಟು ಹೀಗೆ ತಪ್ಪಿಹೋಗುತ್ತದೆ. ಆದ್ದರಿಂದ ಎರಡು ಗಂಟೆಗೊಮ್ಮೆ ನೀವೇ ಕೇಳಿ: 'ಅಕ್ಕಾ, ಈಗ ಎಲ್ಲಿದ್ದಿ? ಯಾಕ ಬಂದೀವಿ ಇಲ್ಲಿ? ಇವತ್ತ ಯಾವ ವಾರ?' ನಿನ್ನೆ ಸರಿಯಾಗಿ ಹೇಳಿದವಳು ಇವತ್ತು ತಡವರಿಸಿದರೆ, ಸುಮ್ಮಸುಮ್ಮನೆ ಸಿಟ್ಟಾದರೆ, ತುಂಬಾ ನಿದ್ದೆಗೆ ಜಾರಿದರೆ ಡಾಕ್ಟರಿಗೆ ಹೇಳಿ. 'ನೋವಿನ ಇಂಜೆಕ್ಷನ್ನಿನ ಮಂಪರು ಇರಬೇಕು' ಎಂದು ನೀವೇ ತೀರ್ಮಾನಿಸಬೇಡಿ. 'ಉಸರ ಸಾಲವಲ್ದು', 'ಎದಿ ಹಿಡದಂಗ ಆಗೈತಿ' ಎಂದು ಆಕೆ ಹೇಳಿದ್ದನ್ನು ಹಾಗೆಯೇ ಹಿಂದಿಗೆ ತಿರುಗಿಸಿ ಹೇಳಿ.

ಸೋನೋಗ್ರಫಿಯಿಂದ ಮಗುವಿಗೆ ತೊಂದರೆ ಇಲ್ಲವಂತೆ. ಹಾಗಾದರೆ ಎಕ್ಸ್‌ರೇ, ಸಿಟಿ ಬೇಡ ಅನ್ನಬಹುದಲ್ಲ?

ದಯವಿಟ್ಟು ಹಾಗೆ ಅನ್ನಬೇಡಿ. ಸೋನೋಗ್ರಫಿಯಲ್ಲಿ ವಿಕಿರಣ ಇಲ್ಲ, ಅದು ನಿಜ. ಆದರೆ ತಾಯಿಯ ಎದೆಯ ಎಕ್ಸ್‌ರೇಯಿಂದ ಮಗುವಿಗೆ ತಗಲುವುದು 0.01 ಮಿಲಿಗ್ರೇ ಅಥವಾ ಅದಕ್ಕಿಂತ ಕಡಿಮೆ. ಶ್ವಾಸಕೋಶದ ರಕ್ತನಾಳ ನೋಡುವ ಸಿಟಿಯಿಂದ 0.01 ರಿಂದ 0.66 ಮಿಲಿಗ್ರೇ. 50 ಮಿಲಿಗ್ರೇಗಿಂತ ಕಡಿಮೆ ಪ್ರಮಾಣದಲ್ಲಿ ಅಂಗದೋಷ, ಗರ್ಭಪಾತದ ಅಪಾಯ ಹೆಚ್ಚಿದ್ದು ಕಂಡುಬಂದಿಲ್ಲ. ತಾಯಿಯ ಆಕ್ಸಿಜನ್ ಕುಸಿದರೆ ಮಗುವಿಗೆ ಆಗುವ ಹಾನಿ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಸೋನೋಗ್ರಫಿ ಮಾಡುವುದು ಅದು ಹಾಸಿಗೆ ಬಳಿಗೇ ಬರುತ್ತದೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಬೇಕಾದಷ್ಟು ಸಲ ಮಾಡಬಹುದು ಎಂಬ ಕಾರಣಕ್ಕೆ. ಸಿಟಿ ಬೇಕಾದಾಗ ಸಿಟಿ ಬೇಕೇ ಬೇಕು.

ಮಷೀನಿನಲ್ಲಿ ಆ ಕೊಬ್ಬು ಕಾಣುತ್ತದೆಯೇ? ಕಂಡರೆ ಖಚಿತವೇ?

ಈ ಪುಟದಲ್ಲಿ ಒಂದೇ ಉತ್ತರ ಓದುವವರು ಇದನ್ನು ಓದಲಿ. ಕೆಲವೊಮ್ಮೆ ಬಲ ಹೃದಯದಲ್ಲಿ, ಕೆಳ ಮಹಾಭಿಧಮನಿಯಲ್ಲಿ ಬಿಳಿ ಚುಕ್ಕೆಗಳು ಹರಿದುಹೋಗುವುದು ಕಾಣುತ್ತದೆ. ಅವು ಕೊಬ್ಬೇ ಎಂದು ಚಿತ್ರ ನೋಡಿ ಹೇಳಲು ಬರುವುದಿಲ್ಲ. ಡ್ರಿಪ್‌ನಿಂದ ಹೋದ ಗಾಳಿ ಗುಳ್ಳೆಯೂ ಹಾಗೇ ಕಾಣುತ್ತದೆ. ಅಲ್ಲದೆ ಮೂಳೆ ಮುರಿದವರಲ್ಲಿ ಬಹುಪಾಲು ಜನರ ರಕ್ತಕ್ಕೆ ಸ್ವಲ್ಪ ಕೊಬ್ಬು ಸೇರಿಯೇ ಇರುತ್ತದೆ. ಕಾಯಿಲೆಯಾಗಿ ಕಾಡುವುದು ಅವರಲ್ಲಿ ಕೆಲವರಿಗೆ ಮಾತ್ರ. ಹಾಗಾಗಿ ಚುಕ್ಕೆ ಕಂಡರೆ ರೋಗ ಖಚಿತವಲ್ಲ, ಕಾಣದಿದ್ದರೆ ರೋಗ ಇಲ್ಲವೆಂದೂ ಅಲ್ಲ. ಫ್ಯಾಟ್ ಎಂಬಾಲಿಸಂ ಸಿಂಡ್ರೋಮ್ ಎಂಬ ತೀರ್ಮಾನ ಬರುವುದು ಮೂಳೆ ಮುರಿತ, ಸಮಯದ ಅಂತರ, ಉಸಿರು, ಬುದ್ಧಿ, ಚರ್ಮ ಇವೆಲ್ಲ ಒಂದಕ್ಕೊಂದು ಕೂಡಿದಾಗ. ಸೋನೋಗ್ರಫಿ ಮಾಡುವ ದೊಡ್ಡ ಉಪಕಾರ ಬೇರೆ: ಕೂಡಲೇ ಬೇರೆ ಚಿಕಿತ್ಸೆ ಬೇಡುವ ಕಾರಣಗಳನ್ನು, ಅಂದರೆ ನ್ಯುಮೊಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ಸೇರುವುದು), ಹೃದಯದ ಸುತ್ತ ರಕ್ತ, ಕಾಲಿನ ರಕ್ತದ ಗಡ್ಡೆ, ಸೋತ ಎಡ ಹೃದಯ, ಹೊಟ್ಟೆಯೊಳಗಿನ ರಕ್ತಸ್ರಾವ, ಇವನ್ನು ಹಾಸಿಗೆ ಪಕ್ಕದಲ್ಲೇ ತೋರಿಸಿಕೊಡುತ್ತದೆ.

## ಪ್ರೋಬ್ ಹಿಡಿಯುವ ಮೊದಲು

ಗರ್ಡ್ ಮಾನದಂಡ ಗರ್ಭಿಣಿಗೂ ಹಾಗೆಯೇ ಅನ್ವಯವೇ?

ಗರ್ಡ್ ಮಾನದಂಡ ಎಂದರೆ ಫ್ಯಾಟ್ ಎಂಬಾಲಿಸಂ ಸಿಂಡ್ರೋಮನ್ನು ಗುರುತಿಸುವ ಲಕ್ಷಣಗಳ ಪಟ್ಟಿ. ಅದರ ಪ್ರಧಾನ ಲಕ್ಷಣಗಳು (ಉಸಿರು, ಬುದ್ಧಿ, ಚರ್ಮ) ಅನ್ವಯ, ಗೌಣ ಲಕ್ಷಣಗಳಲ್ಲಿ ಎಚ್ಚರ ಬೇಕು. 1974ರ ಗರ್ಡ್ ಮತ್ತು ವಿಲ್ಸನ್ ಪಟ್ಟಿಯ ನಾಡಿ ವೇಗ, ರಕ್ತಹೀನತೆ, ಪ್ಲೇಟ್‌ಲೆಟ್ ಇಳಿಕೆ, ಇಎಸ್‌ಆರ್ (ರಕ್ತಕಣ ತಳಕ್ಕಿಳಿಯುವ ವೇಗ) ಏರಿಕೆ, ಇವು ನಾಲ್ಕೂ ಬಸುರಿನಲ್ಲಿ ಸ್ವಲ್ಪಮಟ್ಟಿಗೆ ಸಹಜ. ಸಾಮಾನ್ಯ ಬಸುರಿಯ ನಾಡಿ ನಿಮಿಷಕ್ಕೆ 10 ರಿಂದ 20 ಹೆಚ್ಚು, ಹಿಮೋಗ್ಲೋಬಿನ್ ಕಡಿಮೆ, ಡಿ-ಡೈಮರ್ (ರಕ್ತದ ಗಡ್ಡೆಯ ಸುಳಿವು ಕೊಡುವ ರಕ್ತಪರೀಕ್ಷೆ) ಹೇಗೂ ಹೆಚ್ಚು. ಅವನ್ನು ಎಣಿಸಿ ರೋಗ ಹೇಳಿದರೆ ಇಲ್ಲದ ರೋಗ ಹೇಳಿದಂತಾದೀತು.

ಉಲ್ಟಾ ತಪ್ಪು ಇನ್ನೂ ಅಪಾಯದ್ದು. ಇದೇ ರೋಗಕ್ಕಿರುವ 1983ರ ಶೋನ್‌ಫೆಲ್ಡ್ ಅಂಕಪಟ್ಟಿಯಲ್ಲಿ ರಕ್ತದ ಆಕ್ಸಿಜನ್ 70 ಮಿ.ಮೀ. ಪಾದರಸಕ್ಕಿಂತ ಇಳಿದರೆ 3 ಅಂಕ. ಬಸುರಿಯ ಸಹಜ ಮಟ್ಟವೇ ನೂರರ ಆಸುಪಾಸು ಇರುವುದರಿಂದ 80 ಬಂದಾಗಲೇ ಏನೋ ಆಗಿದೆ ಎಂದು ತಿಳಿಯಬೇಕು. ಇಂಗಾಲದ ಡೈಆಕ್ಸೈಡ್ ಬಸುರಿನಲ್ಲಿ 28 ರಿಂದ 32 ಇರುತ್ತದೆ. ಏದುಸಿರು ಬಿಡುತ್ತಿರುವ ತುಂಬು ಬಸುರಿಯ ಎಬಿಜಿಯಲ್ಲಿ (ಧಮನಿ ರಕ್ತದ ಅನಿಲ ಪರೀಕ್ಷೆ) 40 ಎಂದು ಬಂದರೆ ಅದು 'ನಾರ್ಮಲ್' ಅಲ್ಲ, ಆಕೆ ದಣಿದು ಸೋಲುತ್ತಿರುವ ಗುರುತು. ಅನಸ್ತೇಷಿಯಾದವರನ್ನು ಆಗಲೇ ಕರೆಯಿರಿ.

ಐಸಿಯುನ ಪೋರ್ಟಬಲ್ ಮಷೀನು ಬಸುರಿಯ ಮೇಲೆ ಬಳಸಿದರೆ ಪಿಸಿಪಿಎನ್‌ಡಿಟಿ ತೊಂದರೆ ಬರುತ್ತದಾ?

ದಾಖಲೆ ಸರಿಯಿದ್ದರೆ ಇಲ್ಲ. ಪಿಸಿಪಿಎನ್‌ಡಿಟಿ ಎಂದರೆ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆ. ಅದರಂತೆ ಮಷೀನು ನೋಂದಣಿಯಾಗಿರಬೇಕು, ಬಳಸುವವರಿಗೆ ಕಾಯ್ದೆ ಹೇಳಿದ ಅರ್ಹತೆ ಇರಬೇಕು. ಪೋರ್ಟಬಲ್ ಮಷೀನನ್ನು ಅದು ನೋಂದಣಿಯಾದ ಆವರಣದೊಳಗೆ, ಒಳರೋಗಿಗಳಿಗೆ ಬಳಸಲು ನಿಯಮದಲ್ಲೇ ಅವಕಾಶವಿದೆ. ಪಕ್ಕದ ನರ್ಸಿಂಗ್ ಹೋಮಿಗೆ ಎರವಲು ಕೊಡುವುದು, ಜೇಬಿನಲ್ಲಿಟ್ಟುಕೊಂಡು ಓಡಾಡುವುದು ನಡೆಯುವುದಿಲ್ಲ. ಅಂಗೈಯಗಲದ ಹೊಸ ಪ್ರೋಬ್‌ಗಳಿಗೂ ಇದೇ ನಿಯಮ. ಗರ್ಭಿಣಿಯ ಮೇಲೆ ನಡೆಸಿದ ಅಲ್ಟ್ರಾಸೌಂಡಿಗೆ ಪೂರ್ಣ ದಾಖಲೆ ಇರಲೇಬೇಕೆಂದು ಕಾಯ್ದೆ ಹೇಳುತ್ತದೆ. ಎದೆ ಮಾತ್ರ ನೋಡಿದೆವು ಎಂಬ ಕಾರಣಕ್ಕೆ ಬಿಟ್ಟುಬಿಡಬೇಡಿ. ಜೀವ ಉಳಿಸುವ ಹೊತ್ತಿನಲ್ಲಿ ಮೊದಲು ಸ್ಕ್ಯಾನ್, ಆ ದಾಖಲೆಯ ನಮೂನೆಯಾದ ಫಾರ್ಮ್ ಎಫ್ ಅದೇ ಪಾಳಿಯಲ್ಲಿ. ಮಗು ಗಂಡೋ ಹೆಣ್ಣೋ ಎಂದು ಯಾರು ಕೇಳಿದರೂ ಬಾಯಿಬಿಡುವಂತಿಲ್ಲ, ಸನ್ನೆಯಲ್ಲೂ ಇಲ್ಲ.

ಯಾವ ಪ್ರೋಬ್, ಯಾವ ಸೆಟ್ಟಿಂಗ್?

ಹೃದಯಕ್ಕೆ ಫೇಸ್ಡ್ ಅರೇ, 1 ರಿಂದ 5 ಮೆಗಾಹರ್ಟ್ಸ್. ಶ್ವಾಸಕೋಶ, ಹೊಟ್ಟೆ, ಮಗುವಿಗೆ ಬಾಗಿದ ಪ್ರೋಬ್, 2 ರಿಂದ 5. ಪ್ಲ್ಯೂರಾ (ಶ್ವಾಸಕೋಶದ ಹೊದಿಕೆ) ಗೆರೆಯ ಒರಟುತನ, ಕಾಲಿನ ಅಭಿಧಮನಿ, ಕಣ್ಣಿಗೆ ಲೀನಿಯರ್. ಒಂದೇ ಪ್ರೋಬ್ ಇದ್ದರೆ ಬಾಗಿದ್ದೇ ಇರಲಿ.

ಶ್ವಾಸಕೋಶ ನೋಡುವಾಗ ಹಾರ್ಮೋನಿಕ್, ಕಾಂಪೌಂಡ್ ಇಮೇಜಿಂಗ್ ಎರಡನ್ನೂ ಆಫ್ ಮಾಡಿ. ಅವು ಚಿತ್ರವನ್ನು ನುಣುಪು ಮಾಡುವ ಭರದಲ್ಲಿ ನಮಗೆ ಬೇಕಾದ ಬಿ-ಗೆರೆಗಳನ್ನೇ (ಪ್ಲ್ಯೂರಾದಿಂದ ಕೆಳಕ್ಕೆ ಇಳಿಯುವ ಬಿಳಿ ಉದ್ದಗೆರೆ) ಅಳಿಸುತ್ತವೆ. ಫೋಕಸ್ ಪ್ಲ್ಯೂರಾ ಗೆರೆಯ ಮೇಲೆ. ಆಳ ಬಾಗಿದ ಪ್ರೋಬಿಗೆ ಸುಮಾರು 15 ಸೆಂ.ಮೀ., ಲೀನಿಯರ್‌ಗೆ 4 ರಿಂದ 6 ಸೆಂ.ಮೀ. ಗೇನ್ ವಿಪರೀತ ಏರಿಸಿದರೆ ಆರೋಗ್ಯವಂತ ಶ್ವಾಸಕೋಶವೂ ಬೆಳ್ಳಗೆ ಕಾಣುತ್ತದೆ. ಗಾಯವಿರುವ ಕಡೆ ಸ್ಟೆರೈಲ್ ಕವರ್, ಸ್ಟೆರೈಲ್ ಜೆಲ್.

ತೊಡೆಗೆ ಟ್ರ್ಯಾಕ್ಷನ್ (ಮುರಿದ ಕಾಲನ್ನು ತೂಕದಿಂದ ಎಳೆದಿಡುವುದು) ಹಾಕಿದೆ. ಎಡಕ್ಕೆ ಹೊರಳಿಸುವುದು ಹೇಗೆ?

20 ವಾರ ದಾಟಿದ ಗರ್ಭಕೋಶ ಅಂಗಾತ ಮಲಗಿದಾಗ ಕೆಳ ಮಹಾಭಿಧಮನಿಯನ್ನು ಒತ್ತುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಎಡಕ್ಕೆ 15 ರಿಂದ 30 ಡಿಗ್ರಿ ವಾಲಿಸುವುದು ಅದಕ್ಕಾಗಿ. ಬೆನ್ನೆಲುಬಿನ ಗಾಯದ ಅನುಮಾನ ಇದ್ದರೆ ಸ್ಪೈನ್ ಬೋರ್ಡನ್ನೇ ಇಡಿಯಾಗಿ ವಾಲಿಸಿ. ಸೊಂಟದ ಮೂಳೆ ಮುರಿದಿದ್ದರೆ ಸೊಂಟದಡಿ ದಿಂಬು ತುರುಕಬೇಡಿ, ಮುರಿದ ತುದಿಗಳು ಸರಿದು ನೋವು, ರಕ್ತಸ್ರಾವ ಎರಡೂ ಹೆಚ್ಚುತ್ತವೆ. ಏನೂ ಸಾಧ್ಯವಿಲ್ಲದಿದ್ದರೆ ಒಬ್ಬರು ಎಡಬದಿಯಲ್ಲಿ ನಿಂತು ಎರಡೂ ಕೈಯಿಂದ ಗರ್ಭಕೋಶವನ್ನು ತಮ್ಮ ಕಡೆಗೆ ಎಳೆದು ಹಿಡಿಯಲಿ. ಸ್ಕ್ಯಾನ್ ಮುಗಿಯುವವರೆಗೂ ಹಾಗೇ ಹಿಡಿದಿರಬೇಕು.

## ನೋಡುವ ಬಗೆ

ಯಾವುದನ್ನು ಮೊದಲು ನೋಡಬೇಕು?

ಶ್ವಾಸಕೋಶದ ಮುಂಭಾಗ, ಹೃದಯ, ಕಾಲಿನ ಅಭಿಧಮನಿ, ಹೊಟ್ಟೆ, ಮಗು. ಬಿಪಿ ಬಿದ್ದಿದ್ದರೆ ಹೃದಯ ಮತ್ತು ಹೊಟ್ಟೆ ಮೊದಲು. ಆಕ್ಸಿಜನ್ ಆಗಲೇ ಹಾಕಿರಬೇಕು, ಪ್ರೋಬಿಗಾಗಿ ಮಾಸ್ಕ್ ತೆಗೆಯುವಂತಿಲ್ಲ.

ಶ್ವಾಸಕೋಶದಲ್ಲಿ ಏನು ಹುಡುಕುವುದು? ಬಿ-ಗೆರೆ ಕಂಡರೆ ಸಾಕೇ?

ಸಾಲದು. ಎದೆಯ ಒಂದೊಂದು ಬದಿಯನ್ನು ನಾಲ್ಕು ಭಾಗ ಮಾಡಿ: ಮುಂದೆ ಮೇಲೆ ಮತ್ತು ಕೆಳಗೆ, ಪಕ್ಕದಲ್ಲಿ ಮೇಲೆ ಮತ್ತು ಕೆಳಗೆ. ಒಟ್ಟು ಎಂಟು. ಪ್ರೋಬ್ ಉದ್ದಕ್ಕೆ, ಗುರುತು ತಲೆಯ ಕಡೆಗೆ. ಎರಡು ಪಕ್ಕೆಲುಬಿನ ನೆರಳಿನ ನಡುವೆ ಹೊಳೆಯುವ ಅಡ್ಡಗೆರೆಯೇ ಪ್ಲ್ಯೂರಾ. ಅದು ಉಸಿರಿಗೆ ತಕ್ಕಂತೆ ಜಾರುತ್ತಿದೆಯೇ ಎಂದು ಮೊದಲು ನೋಡಿ. ಜಾರುತ್ತಿಲ್ಲ, ಒಂದು ಕಡೆ ಜಾರುವ ಮತ್ತು ಜಾರದ ಭಾಗ ಸೇರುವ ಬಿಂದುವೂ ಸಿಕ್ಕಿತು ಎಂದರೆ ಅದು ನ್ಯುಮೊಥೊರಾಕ್ಸ್. ಅಲ್ಲಿಗೆ ಹುಡುಕಾಟ ನಿಲ್ಲಿಸಿ ಎದೆಗೆ ಟ್ಯೂಬ್ ಹಾಕುವ ಸಿದ್ಧತೆ ಮಾಡಿ.

ಒಂದು ಪಕ್ಕೆ ಸಂದಿಯಲ್ಲಿ 3 ಅಥವಾ ಹೆಚ್ಚು ಬಿ-ಗೆರೆ ಇದ್ದರೆ ಆ ಭಾಗ ಪಾಸಿಟಿವ್. ಎರಡೂ ಬದಿಯಲ್ಲಿ ಎರಡೆರಡು ಭಾಗ ಪಾಸಿಟಿವ್ ಆದರೆ ಗಾಳಿಚೀಲಗಳ ಸುತ್ತ ನೀರು ಸೇರಿದೆ ಎಂದರ್ಥ. ಆ ನೀರು ಯಾವ ಬಗೆಯದು ಎಂಬುದಕ್ಕೆ ಪ್ಲ್ಯೂರಾ ಗೆರೆಯನ್ನೇ ಕೇಳಬೇಕು. ಲೀನಿಯರ್ ಪ್ರೋಬ್ ಇಟ್ಟು ನಿಧಾನವಾಗಿ ನೋಡಿ. ಗೆರೆ ಒರಟಾಗಿ, ಅಲ್ಲಲ್ಲಿ ತುಂಡಾಗಿ, ಅದರಡಿ ಸಣ್ಣ ಸಣ್ಣ ಕಪ್ಪು ಗಟ್ಟಿ ತೇಪೆಗಳಿದ್ದು, ನಡುನಡುವೆ ಚೆನ್ನಾಗಿರುವ ಜಾಗವೂ ಉಳಿದಿದ್ದರೆ ಅದು ರಕ್ತನಾಳ ಸೋರಿ ಆದದ್ದು. ಫ್ಯಾಟ್ ಎಂಬಾಲಿಸಂ ಈ ಗುಂಪಿಗೆ ಸೇರುತ್ತದೆ. ಗೆರೆ ನುಣುಪಾಗಿದ್ದು ಬಿ-ಗೆರೆ ಎರಡೂ ಕಡೆ ಸಮನಾಗಿದ್ದರೆ ಪ್ರಿ-ಎಕ್ಲಾಂಪ್ಸಿಯಾ (ಬಸುರಿನ ಬಿಪಿ ಕಾಯಿಲೆ), ಅತಿಯಾದ ಡ್ರಿಪ್, ಸೋತ ಎಡ ಹೃದಯದ ಕಡೆ ಯೋಚಿಸಿ.

ತುಂಬು ಬಸುರಿಯಲ್ಲಿ ವಪೆ ಸುಮಾರು 4 ಸೆಂ.ಮೀ. ಮೇಲೇರಿರುತ್ತದೆ. ಎಂದಿನ ಜಾಗದಲ್ಲೇ ಪ್ರೋಬ್ ಇಟ್ಟರೆ ಕಾಣುವುದು ಯಕೃತ್ತು ಅಥವಾ ಗುಲ್ಮ, ಹೊಸಬರು ಅದನ್ನೇ ಗಟ್ಟಿಯಾದ ಶ್ವಾಸಕೋಶ ಎಂದು ಬರೆದುಬಿಡುತ್ತಾರೆ. ಒಂದೆರಡು ಸಂದಿ ಮೇಲಿಂದ ಶುರುಮಾಡಿ, ವಪೆಯನ್ನು ಗುರುತಿಸಿದ ಮೇಲೆಯೇ ಕೆಳಗಿಳಿಯಿರಿ. ಸ್ತನ ಅಡ್ಡಬಂದರೆ ಆಕೆಯ ಕೈಯಲ್ಲೇ ಸರಿಸಿ ಹಿಡಿಯಲು ಹೇಳಿ. ಪರದೆ ಎಳೆದಿರಲಿ, ಜೊತೆಗೊಬ್ಬ ನರ್ಸ್ ಇರಲಿ.

ಪೆಟ್ಟಿನಿಂದ ಶ್ವಾಸಕೋಶ ಜಜ್ಜಿದ್ದಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು?

ಜಜ್ಜಿದ್ದು ಪೆಟ್ಟು ಬಿದ್ದ ಕಡೆ, ಮೊದಲ ಕೆಲವು ಗಂಟೆಗಳಲ್ಲೇ ಕಾಣುತ್ತದೆ. ಫ್ಯಾಟ್ ಎಂಬಾಲಿಸಂ ಎರಡೂ ಕಡೆ, ತಡವಾಗಿ. ಇದನ್ನು ಬೇರ್ಪಡಿಸಲು ಇರುವ ಒಳ್ಳೆಯ ಸಾಧನ ಅಡ್ಮಿಟ್ ಆದ ಹೊತ್ತಿನಲ್ಲಿ ತೆಗೆದಿಟ್ಟ ಸ್ಕ್ಯಾನ್. ಉದ್ದ ಮೂಳೆ ಮುರಿದ ಪ್ರತಿ ಬಸುರಿಗೂ ಬಂದ ಕೂಡಲೇ ಎಂಟು ಭಾಗದ ಒಂದು ಸ್ಕ್ಯಾನ್ ಮಾಡಿ ಉಳಿಸಿಡಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ಆಮೇಲೆ ಮೂರು ದಿನದವರೆಗೆ ದಿನಕ್ಕೊಮ್ಮೆ, ಆಪರೇಷನ್ ಆದ ಮೇಲೆ ಇನ್ನೊಮ್ಮೆ, ಆಕ್ಸಿಜನ್ ಇಳಿದರೆ ಆ ಕ್ಷಣ.

ಹೃದಯದಲ್ಲಿ ಬಸುರಿಗೆ ಯಾವುದು ಸಹಜ, ಯಾವುದು ಅಸಹಜ?

ಬಸುರಿನಲ್ಲಿ ಹೃದಯ ಮೇಲಕ್ಕೆ, ಎಡಕ್ಕೆ ತಿರುಗಿರುತ್ತದೆ. ಅಪೆಕ್ಸ್ ನೋಟ ಎಂದಿಗಿಂತ ಒಂದು ಸಂದಿ ಮೇಲೆ, ಹೊರಕ್ಕೆ ಸಿಗುತ್ತದೆ. ನಾಲ್ಕೂ ಕೋಣೆ ಸ್ವಲ್ಪ ಹಿಗ್ಗಿರುವುದು, ಹೃದಯದ ಸುತ್ತ ತೆಳು ನೀರು ಇರುವುದು ಸಹಜ. ಆದರೆ ಬಲ ಕುಹರ (ಹೃದಯದ ಕೆಳಕೋಣೆ) ಎಡ ಕುಹರಕ್ಕಿಂತ ದೊಡ್ಡದಾಗುವುದು, ನಡುಗೋಡೆ ಎಡಕ್ಕೆ ಚಪ್ಪಟೆಯಾಗಿ ಎಡ ಕುಹರ ಇಂಗ್ಲಿಷಿನ ಡಿ ಆಕಾರಕ್ಕೆ ಬರುವುದು, ಟ್ಯಾಪ್ಸೆ (ಬಲ ಕುಹರ ಕುಗ್ಗುವಾಗ ಅದರ ಕವಾಟದ ಅಂಚು ಸರಿಯುವ ದೂರ) 17 ಮಿ.ಮೀ.ಗಿಂತ ಕಡಿಮೆಯಾಗುವುದು, ಟ್ರೈಕಸ್ಪಿಡ್ (ಬಲ ಹೃದಯದ ಕವಾಟ) ಸೋರಿಕೆಯ ವೇಗ ಸೆಕೆಂಡಿಗೆ 2.8 ಮೀಟರ್ ದಾಟುವುದು, ಇವು ಯಾವ ತಿಂಗಳಲ್ಲೂ ಸಹಜವಲ್ಲ. ಬಸುರಿನಲ್ಲಿ ಶ್ವಾಸಕೋಶದ ರಕ್ತನಾಳಗಳ ಪ್ರತಿರೋಧ ಇಳಿಯುವುದರಿಂದ ಅಲ್ಲಿನ ಒತ್ತಡ ಏರುವುದಕ್ಕೆ ಸಹಜ ಕಾರಣವೇ ಇಲ್ಲ.

ಬಲ ಹೃದಯ ಹಿಗ್ಗಿದೆ ಎಂದು ಬರೆಯುವ ಮೊದಲು ಇನ್ನೊಂದು ನೋಟದಲ್ಲೂ ನೋಡಿ. ಪ್ರೋಬ್ ಒಂದು ಸಂದಿ ಮೇಲಾದರೆ ಎಡ ಕುಹರ ಮೊಟಕಾಗಿ ಕಂಡು, ಬಲ ಕುಹರ ಇಲ್ಲದ ದೊಡ್ಡಸ್ತಿಕೆ ತೋರಿಸುತ್ತದೆ. ಬಲ ಹೃದಯದ ಮೇಲೆ ಹೊರೆ ಬಿದ್ದಿದೆ ಎಂಬುದು ರಕ್ತದ ಗಡ್ಡೆಯಿಂದಲೂ ಆಗಬಹುದು, ಕೊಬ್ಬಿನಿಂದಲೂ ಆಗಬಹುದು. ಮೆಕಾನೆಲ್ ಗುರುತು (ಬಲ ಕುಹರದ ಗೋಡೆ ಸೋತು ತುದಿ ಮಾತ್ರ ಚೆನ್ನಾಗಿ ಬಡಿಯುವುದು) ಕೂಡ ಇವೆರಡನ್ನು ಬೇರ್ಪಡಿಸುವುದಿಲ್ಲ.

ಐವಿಸಿ (ಕೆಳ ಮಹಾಭಿಧಮನಿ) ಕುಗ್ಗಿದೆ, ಡ್ರಿಪ್ ಹೆಚ್ಚಿಸಲೇ?

ಅಂಗಾತ ಮಲಗಿಸಿ ನೋಡಿದ್ದಾದರೆ ಆ ಅಳತೆಯನ್ನು ನಂಬಬೇಡಿ, ಅದು ಗರ್ಭಕೋಶದ ಒತ್ತಡ. ಎಡಕ್ಕೆ ವಾಲಿಸಿ, ಬಲ ಪಕ್ಕೆಯಿಂದ ಯಕೃತ್ತಿನ ಮೂಲಕ ನೋಡಿ. ಸೋರುವ ಶ್ವಾಸಕೋಶಕ್ಕೆ ಸುಮ್ಮನೆ ಡ್ರಿಪ್ ಸುರಿದರೆ ಬಿ-ಗೆರೆ ಹೆಚ್ಚುತ್ತದೆ, ಹಿಗ್ಗಿದ ಬಲ ಹೃದಯ ಇನ್ನೂ ಹಿಗ್ಗುತ್ತದೆ. ರಕ್ತ ಹೋಗಿದ್ದರೆ ರಕ್ತ ಕೊಡಿ.

ಕಾಲಿನ ಅಭಿಧಮನಿ ಎರಡು ಕಡೆ ಒತ್ತಿ ನೋಡಿದರೆ ಸಾಕೇ?

ತೊಡೆಸಂದಿ ಮತ್ತು ಮೊಣಕಾಲ ಹಿಂಭಾಗ, ಎರಡೂ ಕಾಲಿನಲ್ಲಿ. ಲೀನಿಯರ್ ಪ್ರೋಬ್ ಅಡ್ಡವಾಗಿಟ್ಟು ಒತ್ತಿದಾಗ ಅಭಿಧಮನಿಯ ಗೋಡೆಗಳು ಪೂರ್ತಿ ಕೂಡಬೇಕು. ಕೂಡದಿದ್ದರೆ ಗಡ್ಡೆ. ಬಸುರಿನಲ್ಲಿ ಗಡ್ಡೆ ಎಡಗಾಲಿನಲ್ಲೇ ಹೆಚ್ಚು, ಅದೂ ಸೊಂಟದೊಳಗಿನ ಇಲಿಯಾಕ್ ಅಭಿಧಮನಿಯಲ್ಲಿ, ಅಲ್ಲಿ ಒತ್ತಿ ನೋಡಲು ಬರುವುದಿಲ್ಲ. ಹಾಗಾಗಿ ಎಡ ತೊಡೆಸಂದಿಯಲ್ಲಿ ಡಾಪ್ಲರ್ ಇಟ್ಟು, ಹರಿವು ಉಸಿರಿನೊಂದಿಗೆ ಏರಿಳಿಯುತ್ತಿದೆಯೇ ನೋಡಿ. ಏರಿಳಿತವಿಲ್ಲದ ಚಪ್ಪಟೆ ಹರಿವು ಮೇಲೆ ಅಡ್ಡಿಯಿದೆ ಎಂಬ ಸುಳಿವು. ಈ ಪರೀಕ್ಷೆಯನ್ನೂ ವಾಲಿಸಿದ ಭಂಗಿಯಲ್ಲೇ ಮಾಡಬೇಕು. ಮುರಿದ ಜಾಗದ ಮೇಲೆ ಒತ್ತಬೇಡಿ.

ಮಗುವನ್ನು ಯಾವಾಗ, ಹೇಗೆ ನೋಡುವುದು?

ತಾಯಿಯನ್ನು ಸ್ಥಿರಗೊಳಿಸಿದ ಮೇಲೆ. ಹೃದಯ ಬಡಿತವನ್ನು ಎಂ-ಮೋಡ್‌ನಲ್ಲಿ ಅಳೆಯಿರಿ, ಪಲ್ಸ್ಡ್ ಡಾಪ್ಲರ್‌ಗಿಂತ ಅದರ ಶಕ್ತಿ ಕಡಿಮೆ. ಸಹಜ ಬಡಿತ ನಿಮಿಷಕ್ಕೆ 110 ರಿಂದ 160. ಮಾಸು ಕಳಚಿದ್ದನ್ನು ಸೋನೋಗ್ರಫಿ ಅರ್ಧಕ್ಕಿಂತ ಹೆಚ್ಚು ಸಲ ತೋರಿಸುವುದೇ ಇಲ್ಲ. ಸ್ಕ್ಯಾನ್ ಚೆನ್ನಾಗಿದೆ ಎಂದು ಸಿಟಿಜಿ (ಮಗುವಿನ ಬಡಿತದ ನಿರಂತರ ದಾಖಲೆ) ಬಿಡುವಂತಿಲ್ಲ, ಬದುಕಬಲ್ಲ ವಾರ ತಲುಪಿದ ಮಗುವಿಗೆ ಪೆಟ್ಟಿನ ನಂತರ ಕನಿಷ್ಠ 4 ಗಂಟೆ ಸಿಟಿಜಿ ಬೇಕು. ತಾಯಿ ಆರ್‌ಎಚ್ ನೆಗೆಟಿವ್ ಆಗಿದ್ದರೆ 72 ಗಂಟೆಯೊಳಗೆ ಆ್ಯಂಟಿ-ಡಿ ಇಂಜೆಕ್ಷನ್ ಮರೆಯಬೇಡಿ. ಉಸಿರಾಟದ ಗಲಾಟೆಯಲ್ಲಿ ಕೈತಪ್ಪಿಹೋಗುವುದು ಇದೇ.

## ಗೊಂದಲ ಬಂದಾಗ

ಇದು ಫ್ಯಾಟ್ ಎಂಬಾಲಿಸಮೋ, ರಕ್ತದ ಗಡ್ಡೆಯೋ, ಆಮ್ನಿಯಾಟಿಕ್ ದ್ರವದ ಎಂಬಾಲಿಸಮೋ?

ಗಡಿಯಾರ ಬಹಳಷ್ಟು ಹೇಳುತ್ತದೆ. ಆಮ್ನಿಯಾಟಿಕ್ ದ್ರವದ್ದು (ಮಗುವಿನ ಸುತ್ತಲಿನ ನೀರು ತಾಯಿಯ ರಕ್ತಕ್ಕೆ ಸೇರುವುದು) ಹೆರಿಗೆಯ ನೋವಿನ ಹೊತ್ತಿಗೆ ಅಥವಾ ಹೆತ್ತ ಅರ್ಧ ಗಂಟೆಯೊಳಗೆ, ಬಿಪಿ ಏಕಾಏಕಿ ಕುಸಿದು, ಬೆನ್ನಿಗೇ ರಕ್ತ ಹೆಪ್ಪುಗಟ್ಟದೆ ಸುರಿಯುತ್ತದೆ. ಫ್ಯಾಟ್ ಎಂಬಾಲಿಸಂ ಮೂಳೆ ಮುರಿದ ಎರಡನೇ, ಮೂರನೇ ದಿನ ಮೆಲ್ಲಗೆ ಏರುತ್ತದೆ. ರಕ್ತದ ಗಡ್ಡೆ ಯಾವಾಗ ಬೇಕಾದರೂ ಬರಬಹುದು, ಹೆಚ್ಚಾಗಿ ಕೆಲವು ದಿನ ಮಲಗಿದ ಮೇಲೆ.

ಆಮೇಲೆ ಚಿತ್ರ. ದೊಡ್ಡ ಗಡ್ಡೆಯಲ್ಲಿ ಶ್ವಾಸಕೋಶ ಬಹುತೇಕ ಕಪ್ಪಗೆ, ಎ-ಗೆರೆಗಳಿಂದ (ಗಾಳಿ ತುಂಬಿದ ಶ್ವಾಸಕೋಶದ ಸಮಾಂತರ ಅಡ್ಡಗೆರೆ) ಚೆನ್ನಾಗಿಯೇ ಕಾಣುತ್ತದೆ. ಆಕ್ಸಿಜನ್ ಮಾತ್ರ ಇಳಿದಿರುತ್ತದೆ, ಬಲ ಹೃದಯ ಹಿಗ್ಗಿರುತ್ತದೆ. ಫ್ಯಾಟ್ ಎಂಬಾಲಿಸಮಿನಲ್ಲಿ ಶ್ವಾಸಕೋಶವೇ ಕೆಟ್ಟಂತೆ ಕಾಣುತ್ತದೆ, ಬಲ ಹೃದಯ ಹಲವು ಸಲ ಚೆನ್ನಾಗಿಯೇ ಇರುತ್ತದೆ. ಎಡ ಕುಹರ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು (ಇಎಫ್) ಶೇ. 45ಕ್ಕಿಂತ ಇಳಿದಿದ್ದರೆ ಹೆರಿಗೆ ಆಸುಪಾಸಿನ ಕಾರ್ಡಿಯೊಮಯೋಪತಿಯನ್ನು (ಹೃದಯ ಸ್ನಾಯುವಿನ ಕಾಯಿಲೆ) ಯೋಚಿಸಿ. ಚಿತ್ರ ಎರಡು ಕಡೆಗೂ ವಾಲಿದರೆ ಸಿಟಿ ಮಾಡಿಸಿ.

ಸ್ಕ್ಯಾನ್ ಪೂರ್ತಿ ನಾರ್ಮಲ್ ಬಂತು. ನಿಶ್ಚಿಂತೆಯಿಂದ ಇರಬಹುದೇ?

ಇಲ್ಲ. ಮೊದಲ ದಿನದ ನಾರ್ಮಲ್ ಮೂರನೇ ದಿನಕ್ಕೆ ಸಾಕ್ಷಿಯಾಗುವುದಿಲ್ಲ. ಶ್ವಾಸಕೋಶಕ್ಕಿಂತ ಮೊದಲು ಮಿದುಳಿಗೆ ತಗಲುವುದೂ ಉಂಟು.

ಸಣ್ಣ ಆಸ್ಪತ್ರೆಯಲ್ಲಿದ್ದೇವೆ. ಎಲ್ಲಿಗೆ, ಯಾವಾಗ ಕಳಿಸುವುದು?

ಆಕ್ಸಿಜನ್ ಹಾಕಿಯೂ ಶೇ. 95 ನಿಲ್ಲದಿದ್ದರೆ, ಬುದ್ಧಿ ಮಂಕಾದರೆ, ಎರಡೂ ಕಡೆ ಬಿ-ಗೆರೆ ಬಂದರೆ ಕಾಯಬೇಡಿ. ಐಸಿಯು, ಮೂಳೆ ವಿಭಾಗ, ಹೆರಿಗೆ ವಿಭಾಗ, ನವಜಾತ ಐಸಿಯು ನಾಲ್ಕೂ ಒಂದೇ ಆವರಣದಲ್ಲಿರುವ ಕಡೆ ಕಳಿಸಿ. ಮುಂಬೈಯ ಕೆಇಎಂ, ಪುಣೆಯ ಸಸೂನ್, ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜಿನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಅದಕ್ಕೇ ಇವೆ. 108 ಆಂಬುಲೆನ್ಸಿಗೆ ಫೋನ್ ಮಾಡುವಾಗಲೇ 'ಗರ್ಭಿಣಿ, ಆಕ್ಸಿಜನ್ ಬೇಕು' ಎಂದು ಹೇಳಿ. ಮುರಿದ ಕಾಲಿಗೆ ಸ್ಪ್ಲಿಂಟ್ ಗಟ್ಟಿಯಾಗಿರಲಿ. ಸಡಿಲ ಕಾಲು ದಾರಿಯುದ್ದಕ್ಕೂ ಅಲುಗಾಡಿದರೆ ಮತ್ತಷ್ಟು ಕೊಬ್ಬು ರಕ್ತಕ್ಕೆ ಸೇರುತ್ತದೆ. ಮೊದಲ ಸ್ಕ್ಯಾನಿನ ಚಿತ್ರ, ಎಬಿಜಿ ಚೀಟಿ, ಅಪಘಾತದ ಸಮಯ ಬರೆದ ಹಾಳೆ ಜೊತೆಗೇ ಹೋಗಬೇಕು.

ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಅಥವಾ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಬಹುದೇ?

ಗಡ್ಡೆ ಕರಗಿಸುವ ಔಷಧ ಕೊಬ್ಬನ್ನು ಕರಗಿಸುವುದಿಲ್ಲ. ಹೊಸ ಮುರಿತ, ಗರ್ಭಕೋಶ ಎರಡರಿಂದಲೂ ಭಾರಿ ರಕ್ತಸ್ರಾವ ತರುತ್ತದೆ. ಹಿಗ್ಗಿದ ಬಲ ಹೃದಯವೊಂದನ್ನೇ ನೋಡಿ ಅದನ್ನು ಕೊಡುವುದು ಈ ಇಡೀ ವಿಷಯದಲ್ಲಿ ಆಗಬಹುದಾದ ಅತಿ ದುಬಾರಿ ತಪ್ಪು. ಫ್ಯಾಟ್ ಎಂಬಾಲಿಸಮಿಗೆ ಔಷಧವೆಂದು ಹೆಪಾರಿನ್ ಕೂಡ ಇಲ್ಲ. ಗಡ್ಡೆ ತಡೆಯಲು ಕೊಡುವ ಸಣ್ಣ ಪ್ರಮಾಣದ ಹೆಪಾರಿನ್ ಬೇರೆ ಮಾತು, ಮಲಗಿದ ಬಸುರಿಗೆ ಅದು ಬೇಕಾಗುತ್ತದೆ, ಆಪರೇಷನ್ ಸಮಯ ನೋಡಿಕೊಂಡು ಕೊಡುತ್ತಾರೆ. ಸ್ಟೆರಾಯ್ಡ್‌ನಿಂದ ರೋಗ ವಾಸಿಯಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಇರುವ ಚಿಕಿತ್ಸೆ ಆಕ್ಸಿಜನ್, ಬೇಕಾದರೆ ವೆಂಟಿಲೇಟರ್, ಬಲ ಹೃದಯಕ್ಕೆ ಆಸರೆ, ಮುರಿದ ಮೂಳೆಯನ್ನು ಬೇಗ ನಿಲ್ಲಿಸುವುದು.

ರಾಡ್ ಹಾಕುವಾಗ ಮತ್ತೆ ಕೊಬ್ಬು ಹೋಗುತ್ತದಂತೆ. ಆಪರೇಷನ್ ಮುಂದಕ್ಕೆ ಹಾಕಬೇಕೇ?

ಮಜ್ಜೆಯ ಕೊಳವೆಯನ್ನು ಕೊರೆಯುವಾಗ ಒಳಗಿನ ಒತ್ತಡ ಏರುವುದು ನಿಜ. ಆದರೂ ಮುರಿದ ತುದಿಗಳು ಅಲುಗಾಡುತ್ತಲೇ ಇರುವುದು ಅದಕ್ಕಿಂತ ಕೆಟ್ಟದ್ದು. ಬಿಪಿ, ಆಕ್ಸಿಜನ್ ಸರಿಯಿದ್ದರೆ 24 ಗಂಟೆಯೊಳಗೆ ನಿಲ್ಲಿಸುವುದು ಒಳ್ಳೆಯದು. ಆಪರೇಷನ್ನಿನ ಮೊದಲಿನ ಸ್ಕ್ಯಾನಿನಲ್ಲಿ ಎರಡೂ ಕಡೆ ಬಿ-ಗೆರೆ, ಹಿಗ್ಗಿದ ಬಲ ಹೃದಯ ಕಂಡರೆ ರಾಡ್ ಬದಲು ಹೊರಗಿನಿಂದ ಫಿಕ್ಸೇಟರ್ (ಪಿನ್ನುಗಳ ಚೌಕಟ್ಟು) ಹಾಕಿ ನಿಲ್ಲಿಸಿ, ಶ್ವಾಸಕೋಶ ಸುಧಾರಿಸಿದ ಮೇಲೆ ರಾಡ್ ಹಾಕಬಹುದು. ಸೋನೋಗ್ರಫಿ ನಿಜವಾಗಿ ನಿರ್ಧಾರ ಬದಲಿಸುವ ಜಾಗ ಇದು.

## ಆಳಕ್ಕೆ ಇಳಿದವರಿಗೆ

ಶ್ವಾಸಕೋಶ ಚೆನ್ನಾಗಿದೆ, ಆದರೆ ರೋಗಿ ಮಂಕಾಗಿದ್ದಾರೆ. ಮಿದುಳಿಗೆ ಕೊಬ್ಬು ಹೇಗೆ ತಲುಪಿತು?

ಎರಡು ದಾರಿ. ಹೃದಯದ ಮೇಲಿನ ಕೋಣೆಗಳ ನಡುವೆ ಉಳಿದ ರಂಧ್ರದ ಮೂಲಕ ನೇರವಾಗಿ, ಅಥವಾ ಶ್ವಾಸಕೋಶದ ಸೂಕ್ಷ್ಮನಾಳಗಳ ಮೂಲಕ ಹಿಸುಕಿಕೊಂಡು. ರಂಧ್ರ ನೋಡಲು 9 ಮಿ.ಲೀ. ಸಲೈನ್, 1 ಮಿ.ಲೀ.ಗಿಂತ ಹೆಚ್ಚಿಲ್ಲದ ಗಾಳಿಯನ್ನು ತ್ರೀ-ವೇಗೆ ಜೋಡಿಸಿದ ಎರಡು ಸಿರಿಂಜಿನ ನಡುವೆ ಬಿರುಸಾಗಿ ಆಡಿಸಿ, ಕಣ್ಣಿಗೆ ಕಾಣುವ ಗುಳ್ಳೆ ಉಳಿಯದಂತೆ ನೋಡಿ ಕೈಯ ಅಭಿಧಮನಿಗೆ ಕೊಡುತ್ತಾರೆ. ಬಲ ಹೃದಯ ತುಂಬಿದ 3 ಬಡಿತದೊಳಗೆ ಎಡಗಡೆ ಗುಳ್ಳೆ ಬಂದರೆ ರಂಧ್ರ, ತಡವಾಗಿ ಬಂದರೆ ಶ್ವಾಸಕೋಶದ ದಾರಿ. ಉತ್ತರ ಚಿಕಿತ್ಸೆಯನ್ನು ಬದಲಿಸುವುದಾದರೆ ಮಾತ್ರ ಮಾಡಿ.

ತಲೆಯ ಪಕ್ಕದಿಂದ 2 ಮೆಗಾಹರ್ಟ್ಸ್ ಡಾಪ್ಲರ್ ಇಟ್ಟು ಮಿದುಳಿನ ಮಧ್ಯ ಧಮನಿಯಲ್ಲಿ ಹಾದುಹೋಗುವ ಕಣಗಳ ಸದ್ದನ್ನು ಕೇಳಬಹುದು, ಅದಕ್ಕೆ ಅರ್ಧ ಗಂಟೆಯಾದರೂ ಕೂರಬೇಕು. ಕಣ್ಣಿನ ಹಿಂದೆ 3 ಮಿ.ಮೀ. ದೂರದಲ್ಲಿ ದೃಷ್ಟಿನರದ ಕವಚ 5 ರಿಂದ 5.5 ಮಿ.ಮೀ. ದಾಟಿದ್ದರೆ ತಲೆಯೊಳಗಿನ ಒತ್ತಡ ಏರಿರಬಹುದು. ಆದರೆ ಪ್ರಿ-ಎಕ್ಲಾಂಪ್ಸಿಯಾದಲ್ಲೂ ಅದು ದಪ್ಪವಾಗುತ್ತದೆ, ಬಿಪಿ ಮತ್ತು ಮೂತ್ರದ ಪ್ರೋಟೀನ್ ನೋಡದೆ ಅರ್ಥ ಹೇಳಬೇಡಿ. ಕಣ್ಣಿಗೆ ಕಣ್ಣಿನ ಪ್ರಿಸೆಟ್ ಮಾತ್ರ ಬಳಸಿ, ಮೆಕಾನಿಕಲ್ ಇಂಡೆಕ್ಸ್ (ಅಲೆಯ ಬಿರುಸಿನ ಅಳತೆ) 0.23 ಮೀರಬಾರದು. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ ಎಂದೇ ತಿಳಿದು ಮೆಗ್ನೀಷಿಯಂ ಶುರುಮಾಡಿ, ಮಿಕ್ಕ ಹುಡುಕಾಟ ಆಮೇಲೆ. ಮಿದುಳಿಗೆ ಕೊಬ್ಬು ತಲುಪಿದ್ದನ್ನು ಚೆನ್ನಾಗಿ ತೋರಿಸುವುದು ಎಂಆರ್‌ಐ. ಗ್ಯಾಡೋಲಿನಿಯಂ (ಚಿತ್ರ ಸ್ಪಷ್ಟಗೊಳಿಸುವ ಇಂಜೆಕ್ಷನ್) ಇಲ್ಲದೆ ಮಾಡಿದರೆ ಸಾಕು, ಹಾಗೆ ಮಾಡುವ ಎಂಆರ್‌ಐಗೆ ಬಸುರಿನಲ್ಲಿ ಅಡ್ಡಿಯಿಲ್ಲ.

ಮೂಳೆ ಮುರಿದಿಲ್ಲ, ಸಿಕಲ್ ಸೆಲ್ ಇದೆ. ಆಗಲೂ ಬರುತ್ತದೆಯೇ?

ಬರುತ್ತದೆ, ಇನ್ನೂ ಬೇಗ ಕೆಡಿಸುತ್ತದೆ. ಬಸುರಿನ ಕೊನೆ ತಿಂಗಳುಗಳಲ್ಲಿ, ಹೆರಿಗೆ ಆಸುಪಾಸಿನಲ್ಲಿ ಮಜ್ಜೆಯೇ ಸತ್ತು ಅದರ ಕೊಬ್ಬು ರಕ್ತಕ್ಕೆ ಸೇರುತ್ತದೆ. ಮೊದಲು ಬೆನ್ನು, ಸೊಂಟ, ತೊಡೆಯಲ್ಲಿ ತಾಳಲಾರದ ನೋವು, ಜ್ವರ. ಒಂದೆರಡು ದಿನದಲ್ಲಿ ಪ್ಲೇಟ್‌ಲೆಟ್ ಮತ್ತು ಹಿಮೋಗ್ಲೋಬಿನ್ ಒಟ್ಟಿಗೇ ಕುಸಿದು ಉಸಿರು ಕಟ್ಟುತ್ತದೆ. ಮೊದಲೆಂದೂ ಕಾಯಿಲೆ ಬೀಳದ, ಸೌಮ್ಯ ಬಗೆಯ ಸಿಕಲ್ ಇರುವವರಿಗೂ ಹೀಗಾಗುವುದುಂಟು. ವಿದರ್ಭ, ನಂದುರ್‌ಬಾರ್ ಕಡೆಯವರು, ಕರ್ನಾಟಕದ ಚಾಮರಾಜನಗರ, ಮೈಸೂರು ಕಾಡಂಚಿನ ಸಮುದಾಯದವರು ಬಂದಾಗ ಕೇಳಿ ತಿಳಿಯಿರಿ. ಶ್ವಾಸಕೋಶದ ಚಿತ್ರ ಸಿಕಲ್‌ನ ಅಕ್ಯೂಟ್ ಚೆಸ್ಟ್ ಸಿಂಡ್ರೋಮಿನಂತೆಯೇ (ಆ ಕಾಯಿಲೆಯಲ್ಲಿ ಶ್ವಾಸಕೋಶ ಕೆಡುವ ತುರ್ತು ಸ್ಥಿತಿ) ಇರುತ್ತದೆ, ಪ್ರೋಬ್ ಇವೆರಡನ್ನು ಬೇರೆ ಮಾಡಿ ತೋರಿಸದು. ಇಲ್ಲಿ ಮಾತ್ರ ತುರ್ತಾಗಿ ಮಾಡಬೇಕಾದ ನಿರ್ದಿಷ್ಟ ಚಿಕಿತ್ಸೆ ಇದೆ: ಕೆಂಪು ರಕ್ತಕಣಗಳ ಅದಲುಬದಲು. ರಕ್ತನಿಧಿಗೆ ಮೊದಲ ಗಂಟೆಯಲ್ಲೇ ತಿಳಿಸಿ.

ಹೃದಯ ನಿಂತರೆ ಪ್ರೋಬ್ ಬಳಸಬೇಕೇ?

ನಾಡಿ ನೋಡಲು ಎದೆ ಒತ್ತುವುದನ್ನು ನಿಲ್ಲಿಸುವ ಹತ್ತು ಸೆಕೆಂಡಿನೊಳಗೆ ಮಾತ್ರ, ಪ್ರೋಬ್ ಮೊದಲೇ ಜಾಗದಲ್ಲಿಟ್ಟುಕೊಂಡು. ಕ್ಲಿಪ್ ರೆಕಾರ್ಡ್ ಮಾಡಿ, ಒತ್ತುವುದು ಶುರುವಾದ ಮೇಲೆ ಅದನ್ನು ಓದಿ. ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಬಂದಿದ್ದರೆ ಒಬ್ಬರು ಅದನ್ನು ಎಡಕ್ಕೆ ಸರಿಸಿ ಹಿಡಿದಿರಬೇಕು. 4 ನಿಮಿಷದಲ್ಲಿ ಹೃದಯ ಮರಳದಿದ್ದರೆ ಅಲ್ಲೇ, ಹಾಸಿಗೆಯ ಮೇಲೇ ಸಿಸೇರಿಯನ್ ಶುರು, 5ನೇ ನಿಮಿಷಕ್ಕೆ ಮಗು ಹೊರಗೆ. ತಾಯಿಯ ಹೃದಯ ಮರಳುವ ಸಾಧ್ಯತೆಯೂ ಅದರಿಂದಲೇ ಹೆಚ್ಚುತ್ತದೆ. ಮಗುವಿನ ಬಡಿತ ಹುಡುಕುತ್ತಾ ಸಮಯ ಕಳೆಯಬೇಡಿ.

ವರದಿಯಲ್ಲಿ 'ಫ್ಯಾಟ್ ಎಂಬಾಲಿಸಂ' ಎಂದು ಬರೆಯಬಹುದೇ?

ಕಂಡದ್ದನ್ನು ಬರೆಯಿರಿ. ಅಪಘಾತವಾಗಿ ಎಷ್ಟು ಗಂಟೆ, ಎಷ್ಟು ವಾರದ ಬಸುರು, ಯಾವ ಭಂಗಿ, ಆಗ ಎಷ್ಟು ಆಕ್ಸಿಜನ್ ಹರಿಯುತ್ತಿತ್ತು, ಎಂಟು ಭಾಗಗಳಲ್ಲಿ ಯಾವುದು ಪಾಸಿಟಿವ್, ಪ್ಲ್ಯೂರಾ ಗೆರೆ ಹೇಗಿತ್ತು, ಬಲ ಎಡ ಕುಹರಗಳ ಅಳತೆ, ಟ್ಯಾಪ್ಸೆ, ಅಭಿಧಮನಿ ಕೂಡಿತೇ, ಮಗುವಿನ ಬಡಿತ. ನೋಡಲಾಗದ ಭಾಗವನ್ನು 'ನೋಡಲಾಗಲಿಲ್ಲ' ಎಂದೇ ಬರೆಯಿರಿ, 'ನಾರ್ಮಲ್' ಎಂದಲ್ಲ. ಕೊನೆಯ ಸಾಲು 'ಫ್ಯಾಟ್ ಎಂಬಾಲಿಸಂ ಸಿಂಡ್ರೋಮಿಗೆ ಹೊಂದುವ ಚಿತ್ರ, ಇಂತಿಂಥ ಬೇರೆ ಕಾರಣ ಕಾಣಲಿಲ್ಲ' ಎಂದಿರಲಿ. ಮುಂದಿನ ಸ್ಕ್ಯಾನ್ ಎಷ್ಟು ಗಂಟೆಗೆ ಎಂಬುದನ್ನೂ ಅದರ ಕೆಳಗೆ ಬರೆದು, ಮುಂದಿನ ಪಾಳಿಯವರಿಗೆ ಬಾಯಿಮಾತಿನಲ್ಲೂ ಹೇಳಿ ಹೋಗಿ.